ಉರು ಹೊಡೆದವರಿಗೇ ಬಹುಮಾನ ಕೊಡೋದಾದರೆ ಆಶುಭಾಷಣ ಯಾಕೆ ಇಡ್ತೀರಿ?

ಕೋಪ ಇನ್ನೂ ಇಳಿದಿಲ್ಲ, ಆದ್ದರಿಂದ ಮಾತು ಸ್ವಲ್ಪ ಖಾರವಾಗಿದ್ದರೆ ಸಹಿಸಿಕೊಳ್ಳಿ. ನಾನು ಶಾಲಾ ಶಿಕ್ಷಕಿ. ಮಕ್ಕಳನ್ನು ಭಾಷಣ ಸ್ಪರ್ಧೆಗಳಿಗೆ ಕರೆದುಕೊಂಡು ಹೋಗುವ ಕೆಲಸ ಹೆಚ್ಚಾಗಿ ನನ್ನ ಪಾಲಿಗೇ ಬರುತ್ತದೆ. ಹಿಂದಿನ ಸಾಲಿನಲ್ಲಿ ಕೂತು ಎಲ್ಲ ಭಾಷಣ ಕೇಳಿ, ಕೊನೆಗೆ ಫಲಿತಾಂಶ ಕೇಳಿ, ಹಲ್ಲು ಕಚ್ಚಿಕೊಂಡು ಚಪ್ಪಾಳೆ ತಟ್ಟಿ ಬರುತ್ತೇನೆ.

ಆಶುಭಾಷಣ ಅಂದರೆ ಚೀಟಿ ಎತ್ತಿ, ಅದರಲ್ಲಿ ಬಂದ ವಿಷಯದ ಬಗ್ಗೆ ಆಗಲೇ ಯೋಚಿಸಿ ಮಾತಾಡೋದು. ಈ ಸಲ ಒಬ್ಬ ಹುಡುಗನಿಗೆ ‘ಮಳೆ’ ಅನ್ನೋ ಚೀಟಿ ಬಂತು. ಎಷ್ಟು ಚೆಂದದ ವಿಷಯ! ಏನು ಬೇಕಾದರೂ ಹೇಳಬಹುದಿತ್ತು. ಅವನು ಹೇಳಿದ್ದು ಒಂದೇ ವಾಕ್ಯ: “ಮಳೆ ಬರಬೇಕಾದರೆ ಮರ ಬೇಕು.” ಅಲ್ಲಿಂದ ಶುರುವಾಯಿತು ನೋಡಿ ಪರಿಸರ ಸಂರಕ್ಷಣೆಯ ಭಾಷಣ. ಹಿಂದಿನ ಸ್ಪರ್ಧೆಯಲ್ಲಿ ‘ನನ್ನ ಕನಸು’ ಅನ್ನೋ ವಿಷಯಕ್ಕೂ ಇದೇ ಭಾಷಣ ಮಾಡಿದ್ದ! ಪ್ಲಾಸ್ಟಿಕ್ ಅನ್ನುವಾಗ ಬಲಗೈ ಮೇಲೆ, ಮುಂದಿನ ಪೀಳಿಗೆ ಅನ್ನುವಾಗ ಎರಡೂ ಕೈ ಎದೆಗೆ. ನಡುವೆ ಒಂದು ಸಾಲು ಮರೆತುಹೋಯಿತು. ಪಾಪ, ಮುಂದಕ್ಕೆ ಹೋಗಲಾಗದೆ ಹಿಂದಿನ ನಾಲ್ಕು ಸಾಲನ್ನು ಮತ್ತೆ ಮೊದಲಿಂದ ಹೇಳಿ ದಾಟಿಕೊಂಡ. ಸ್ವಂತ ಮಾತಾಡುವವರು ಯಾರಾದರೂ ಹಾಗೆ ಮಾಡ್ತಾರಾ? ತೀರ್ಪುಗಾರರಿಗೆ ಅದು ಕಾಣಲೇ ಇಲ್ಲ. ಮೊದಲ ಬಹುಮಾನ ಅವನಿಗೇ.

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಹೇಳಿಕೊಟ್ಟಂತೆ ಮಾಡಿದ.

ನಮ್ಮ ಹುಡುಗಿಗೆ ಬಂದದ್ದು ‘ಕಾಯುವುದು’. ಚೀಟಿ ಬಿಚ್ಚಿ ನೋಡಿ ಮುಖ ಸಣ್ಣಗೆ ಮಾಡಿಕೊಂಡಳು. ಮೈಕ್ ಮುಂದೆ ನಿಂತು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು, ಪರೀಕ್ಷೆಯಲ್ಲಿ ಗೊತ್ತಿದ್ದದ್ದನ್ನೆಲ್ಲ ಬರೆದು ಮುಗಿಸಿದ ಮೇಲೆ ಗಂಟೆ ಹೊಡೆಯುವ ತನಕ ಕೂತಿರಬೇಕಲ್ಲ, ಅದಕ್ಕಿಂತ ಉದ್ದದ ಕಾಯುವಿಕೆ ನಾನು ನೋಡಿಲ್ಲ ಅಂತ. ಹೊರಗೆ ಬಿಡಲ್ಲ, ಬರೆಯೋಕೆ ಏನೂ ಇಲ್ಲ, ಪಕ್ಕಕ್ಕೆ ನೋಡಿದರೆ ಬೈಗುಳ. ಸಭೆಯಲ್ಲಿದ್ದ ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಅಲ್ಲಿಂದ ಹೊರಟು, ಕಾಯಿಸುವವರಿಗೆ ಹೊತ್ತು ಹೋಗೋದೇ ಗೊತ್ತಾಗಲ್ಲ, ಕಾಯುವವರಿಗೆ ಮಾತ್ರ ಗಡಿಯಾರ ನಿಂತೇ ಹೋಗಿರುತ್ತೆ ಅನ್ನುವ ಮಾತಿಗೆ ಬಂದು ಮುಟ್ಟಿದಳು. ನಡುನಡುವೆ ತಡವರಿಸಿದಳು, ನಿಜ. ಆದರೆ ಆ ಮಾತು ಅವಳ ತಲೆಯಲ್ಲಿ ಹುಟ್ಟಿದ್ದೇ ಆಗ, ನಮ್ಮೆಲ್ಲರ ಕಣ್ಣೆದುರಿಗೇ. ಮುಗಿದ ಮೇಲೆ ಒಬ್ಬ ತೀರ್ಪುಗಾರರು ಕರೆದು, “ನಿರರ್ಗಳತೆ ಸಾಲದು ಕಣಮ್ಮ, ಇನ್ನೂ ಪ್ರಾಕ್ಟೀಸ್ ಮಾಡು” ಅಂದರು. ಯೋಚನೆ ಮಾಡಿ ಮಾತಾಡುವವರು ನಡುವೆ ನಿಲ್ಲೋದು ಸಹಜ ಅಲ್ವಾ ಸಾರ್? ನಿಲ್ಲದೆ ಮಾತಾಡೋದು ಬಾಯಿಪಾಠ ಮಾಡಿದವರು.

ಇದರ ಬೇರು ಎಲ್ಲಿದೆ ಅಂತ ಎಲ್ಲರಿಗೂ ಗೊತ್ತು. ಸ್ಪರ್ಧೆಗೆ ವಾರ ಮುಂಚೆಯೇ ವಿಷಯಗಳ ಪಟ್ಟಿ ಬಂದುಬಿಡುತ್ತದೆ. “ಚೀಟಿಯಲ್ಲಿ ಇವುಗಳಲ್ಲೇ ಒಂದು ಬರುತ್ತದೆ” ಅಂತ ಒಕ್ಕಣೆ ಬೇರೆ. ಅಪ್ಪ ಮೊಬೈಲ್‌ನಲ್ಲಿ ಹುಡುಕುತ್ತಾರೆ, ಅಮ್ಮ ತಿದ್ದಿ ಬರೆಯುತ್ತಾರೆ, ಈಗಂತೂ ಚಾಟ್‌ಜಿಪಿಟಿ ಕ್ಷಣದಲ್ಲಿ ಎಲ್ಲವನ್ನೂ ಬರೆದು ಎಸೆಯುತ್ತದೆ. ಮಗು ಎಲ್ಲವನ್ನೂ ನುಂಗಿಕೊಂಡು ಬಂದು ವೇದಿಕೆ ಮೇಲೆ ಕಕ್ಕುತ್ತದೆ. ಪಟ್ಟಿ ಕೊಡದ ಕಡೆಯೂ ಪರಿಸರ, ಮೊಬೈಲ್ ದುಷ್ಪರಿಣಾಮ, ದೇಶಪ್ರೇಮ ಅಂತ ಎರಡು ಮೂರು ಭಾಷಣ ಇಟ್ಟುಕೊಂಡು, ಯಾವ ಚೀಟಿ ಬಂದರೂ ಅದಕ್ಕೇ ತಿರುಗಿಸೋದು ಹೇಗೆ ಅಂತ ತರಬೇತಿ ಕೊಡುವವರಿದ್ದಾರೆ. ಒಳ್ಳೆ ಫೀಸೂ ಇದೆಯಂತೆ.

ಇನ್ನು ಚೀಟಿಯ ವಿಷಯಕ್ಕೆ ಬರೋಣ. ಒಂದು ಮಗುವಿಗೆ ‘ನನ್ನ ಗೆಳೆಯ’, ಇನ್ನೊಂದಕ್ಕೆ ‘ಜಾಗತೀಕರಣದ ಸಾಧಕ ಬಾಧಕಗಳು’. ಇಬ್ಬರಿಗೂ ಅದೇ ಮೂರು ನಿಮಿಷ, ಅದೇ ಅಂಕಪಟ್ಟಿ. ಇದು ಭಾಷಣ ಸ್ಪರ್ಧೆಯೋ ಲಾಟರಿಯೋ? ದಾರಿ ಇಲ್ಲ ಅಂತಲ್ಲ. ಭಾಷಣ ಕಲೆ ರೂಢಿಸಿಕೊಳ್ಳುವವರ ಕ್ಲಬ್ಬುಗಳ ಸಂಸ್ಥೆ ಟೋಸ್ಟ್‌ಮಾಸ್ಟರ್ಸ್; ಅವರ ‘ಟೇಬಲ್ ಟಾಪಿಕ್ಸ್’ ಅನ್ನೋ ಆಶುಭಾಷಣ ಸ್ಪರ್ಧೆಯಲ್ಲಿ ಎಲ್ಲರಿಗೂ ಒಂದೇ ಪ್ರಶ್ನೆ. ಒಬ್ಬರು ಮಾತಾಡುವಾಗ ಸರದಿ ಬಾರದ ಉಳಿದವರು ಹೊರಗೆ ಇರುತ್ತಾರೆ, ಕೇಳಿಸಿಕೊಳ್ಳುವ ಹಾಗಿಲ್ಲ. ಇರುವುದು 1ರಿಂದ 2 ನಿಮಿಷ. ಉರು ಹೊಡೆಯಲು ಎಡೆಯೇ ಇಲ್ಲ. ಅಮೆರಿಕದ ಶಾಲಾ ಸ್ಪರ್ಧೆಗಳಲ್ಲಿ ಎಕ್ಸ್‌ಟೆಂಪ್ ಅಂತ ಇನ್ನೊಂದು ಬಗೆ ಇದೆ. ಪ್ರಚಲಿತ ಸಂಗತಿಗಳ ಮೇಲೆ ಮೂರು ಪ್ರಶ್ನೆ ಎತ್ತಿ ಒಂದನ್ನು ಆರಿಸಿಕೊಳ್ಳಬೇಕು, ತಯಾರಿಗೆ 30 ನಿಮಿಷ, ಮಾತಿಗೆ 7 ನಿಮಿಷ. ಕಷ್ಟದ ವಿಷಯ ಕೊಡಬೇಕು ಅಂತಿದ್ದರೆ ಹಾಗೆ ಸಮಯವನ್ನೂ ಕೊಡಿ. ಜಾಗತೀಕರಣ ಅಂತ ಚೀಟಿ ಕೊಟ್ಟು ಎರಡು ನಿಮಿಷದಲ್ಲಿ ಯೋಚಿಸು ಅಂದರೆ ದೊಡ್ಡವರೂ ಬೆಬ್ಬೆಬ್ಬೆ ಅಂತಾರೆ.

ಇಷ್ಟರ ಮೇಲೆ, ಒಂದು ಮಗು ಚೀಟಿ ಎತ್ತಿ ಕಕ್ಕಾಬಿಕ್ಕಿಯಾದಾಗ ಚೀಟಿ ಡಬ್ಬ ಹಿಡಿದಿದ್ದವರು “ಅದು ಬಿಡು ಪುಟ್ಟಾ, ಬೇರೆ ತಗೋ” ಅಂದರು. ಆತಿಥೇಯ ಶಾಲೆಯ ಮಗುವೇ ಅದು, ಬೇರೆ ಹೇಳಬೇಕಾ! ಮುಂದಿನವನು ತನಗೂ ಬೇರೆ ಬೇಕು ಅಂದದ್ದಕ್ಕೆ ನಿಯಮ ನೆನಪಾಯಿತು.

ಮೂರು ನಿಮಿಷದಲ್ಲಿ ಅರ್ಧ ನಿಮಿಷ “ವೇದಿಕೆಯ ಮೇಲೆ ಆಸೀನರಾಗಿರುವ” ಅಂತ ಶುರುವಾಗುವ ವಂದನೆಗೇ ಹೋಗುತ್ತದೆ. ಅದನ್ನು ಬಿಟ್ಟವರಿಗೆ ಅಂಕ ಕಡಿಮೆಯಂತೆ. ಯಾರು ಕೇಳಿದರು ಆ ವಂದನೆ? ಆಸೀನರಾದವರಲ್ಲಿ ಒಬ್ಬರು ಫೋನ್ ನೋಡುತ್ತಿದ್ದರು.

ಅಂಕಪಟ್ಟಿ ಒಮ್ಮೆ ತೋರಿಸಿ ಅಂತ ಸಂಘಟಕರನ್ನು ಕೇಳಿದೆ. “ತೀರ್ಪುಗಾರರ ತೀರ್ಮಾನವೇ ಅಂತಿಮ ಮೇಡಂ” ಅಂದರು. ಅಂತಿಮವಾಗಿಯೇ ಇರಲಿ, ಬದಲಾಯಿಸಿ ಅಂತ ನಾನೆಲ್ಲಿ ಕೇಳಿದೆ? ಯಾವುದಕ್ಕೆ ಎಷ್ಟು ಕೊಟ್ಟಿದ್ದೀರಿ ಅಂತ ನೋಡಬೇಕಿತ್ತು ಅಷ್ಟೇ. ಎಲ್ಲಿ ಕಡಿಮೆ ಬಿತ್ತು ಅಂತ ಗೊತ್ತಾಗದಿದ್ದರೆ ಮುಂದಿನ ಸಲಕ್ಕೆ ಮಗುವನ್ನು ಹೇಗೆ ತಯಾರು ಮಾಡಲಿ ಅಂದೆ.

“ಅದಕ್ಕೇನು ಚಿಂತೆ ಮೇಡಂ, ಮುಂದಿನ ಸಲ ಪಟ್ಟಿ ಇನ್ನೂ ಬೇಗ ಕಳಿಸ್ತೀವಿ” ಅಂದರು.