ಅದ್ದೂರಿ ರಸಮಂಜರಿ, ಹತ್ತು ಗಂಟೆಯವರೆಗೆ

ಈ ವರ್ಷವೂ ಚೌತಿಗೆ ಮುನ್ನ ಡಿಜೆಯನ್ನು ನಿಷೇಧಿಸಲಾಯಿತು. ಈ ವರ್ಷವೂ ಗಣಪತಿಯನ್ನು ಕೆರೆಯವರೆಗೆ ಬೀಳ್ಕೊಟ್ಟದ್ದು ಡಿಜೆಯೇ. ವಿವರಗಳು ನಿಮಗೂ ನಿಮ್ಮ ಕಿಟಕಿಯ ಗಾಜುಗಳಿಗೂ ತಿಳಿದಿರುವುದರಿಂದ ವಿಸ್ತರಿಸುವುದಿಲ್ಲ. ಆದರೆ ನಿಷೇಧ ವಿಫಲವಾಯಿತೆಂದು ಯಾರೂ ಹೇಳಬಾರದು. ನಮ್ಮ ಬಡಾವಣೆಯ ಹವ್ಯಾಸಿ ವಾದ್ಯವೃಂದವನ್ನು ಅದು ಹತ್ತು ಗಂಟೆಗೆ ಸರಿಯಾಗಿ ನಿಲ್ಲಿಸಿತು.

ಈ ವೃಂದಕ್ಕೊಂದು ಕುಲವಿದೆ. ಬೆಂಗಳೂರಿನಲ್ಲಿ 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಆರಂಭವಾದವು. ಇಂಥ ಕಾರ್ಖಾನೆಗಳ ಬೆನ್ನಿಗೆ ಕಾಲೊನಿಗಳು, ಕಾಲೊನಿಗಳ ಬೆನ್ನಿಗೆ ಲಲಿತಕಲಾ ಸಂಘಗಳು ಬಂದವು. ಬೆಳಗಿನ ಪಾಳಿ ಮುಗಿಸಿದವರು ಕೈಗೆ ಮೆತ್ತಿದ ಎಣ್ಣೆ ತೊಳೆದುಕೊಂಡು ಸಂಜೆ ಅಕಾರ್ಡಿಯನ್ ಹೆಗಲಿಗೇರಿಸುತ್ತಿದ್ದ ಆ ಕಾಲದಲ್ಲಿ ನಮ್ಮ ವೃಂದದಲ್ಲಿ ಹದಿನಾಲ್ಕು ಜನರಿದ್ದರು. ಅವರಲ್ಲಿ ಮೂವರು ಪಿಟೀಲಿನವರು, ಒಬ್ಬರು ಬುಲ್‌ಬುಲ್ ತರಂಗದವರು. ಇನ್ನೊಬ್ಬ ಹುಡುಗನಿಗೆ ಗಿಲಕಿ ಅಲ್ಲಾಡಿಸುವುದನ್ನು ಬಿಟ್ಟು ಬೇರೇನೂ ಬಾರದಿದ್ದರೂ, ಆಂಪ್ಲಿಫಯರ್ ಅವನ ತಂದೆಯದಾಗಿದ್ದುದರಿಂದ ಅವನಿಗೆ ಮುಂದಿನ ಸಾಲಿನಲ್ಲೇ ಕುರ್ಚಿ. ಎಂಬತ್ತರ ದಶಕದಲ್ಲಿ ಕ್ಯಾಸಿಯೊ ಬಂದು ಮೂರೂ ಪಿಟೀಲುಗಳನ್ನು ನುಂಗಿತು. ಆಮೇಲೆ ಬಂದ ಆಕ್ಟೋಪ್ಯಾಡ್ ತಬಲಾ, ಕಾಂಗೋಗಳನ್ನು ಮನೆಗೆ ಕಳುಹಿಸಿತು. ಕರೋಕೆ ಬಂದ ಮೇಲೆ ಕ್ಯಾಸಿಯೊದವರೂ ಸಭಿಕರಾದರು. ಈಗ ಉಳಿದವರು ನಾಲ್ವರು, ಅವರಲ್ಲೊಬ್ಬರು ಲ್ಯಾಪ್‌ಟಾಪ್ ಕಾಯುವವರು.

ವೃಂದ ಕುಗ್ಗಿದಷ್ಟೂ ಆಹ್ವಾನ ಪತ್ರಿಕೆ ಹಿಗ್ಗಿತು. ಹದಿನಾಲ್ಕು ಕಲಾವಿದರಿದ್ದಾಗ ವೇದಿಕೆಯಲ್ಲಿ ಮೂವರು ಅತಿಥಿಗಳಿದ್ದರು, ನಾಲ್ವರು ಕಲಾವಿದರಿರುವ ಈ ವರ್ಷ ಮೂವತ್ತೊಂದು ಜನ. ದಿವ್ಯ ಸಾನ್ನಿಧ್ಯ, ಘನ ಉಪಸ್ಥಿತಿ, ಗೌರವ ಉಪಸ್ಥಿತಿ, ವಿಶೇಷ ಆಹ್ವಾನಿತರು ಎಂಬ ಶ್ರೇಣಿಗಳ ನಡುವಿನ ಸೂಕ್ಷ್ಮ ವ್ಯತ್ಯಾಸವನ್ನು ಅರಿಯಬಲ್ಲವರಿಗೆ ಇಪ್ಪತ್ತೆರಡು ಶ್ರುತಿಗಳು ಮಕ್ಕಳಾಟ. ಆರೂವರೆಗೆ ಬರಬೇಕಾದ ಮುಖ್ಯ ಅತಿಥಿಗಳು ಎಂಟೂ ಮುಕ್ಕಾಲಿಗೆ ಬಂದರು. ಅವರಿಗೆ ಮೈಸೂರು ಪೇಟ, ಶಾಲು, ಏಲಕ್ಕಿ ಹಾರ, ಹಣ್ಣಿನ ಬುಟ್ಟಿ ಅರ್ಪಿಸಿದ್ದಾಯಿತು. ಬುಟ್ಟಿಯ ಮೇಲಿನ ಪ್ಲಾಸ್ಟಿಕ್ ಹಾಳೆಯ ಸರಪರ ಸದ್ದು ಮೈಕಿನಲ್ಲಿ ಬಹು ಸ್ಪಷ್ಟವಾಗಿ ಕೇಳಿಸಿತು. ಕಲೆ ಉಳಿಯಬೇಕು, ಯುವಜನರು ವಾದ್ಯಗಳನ್ನು ಕಲಿಯಬೇಕು ಎಂದು ಅವರು ಮೂವತ್ತೈದು ನಿಮಿಷ ಹೇಳಿ, ವೃಂದದವರು ಶ್ರುತಿ ಸರಿಮಾಡಿಕೊಳ್ಳುವಷ್ಟರಲ್ಲಿ ಕಾರು ಹತ್ತಿದರು. ಮೊದಲ ಹಾಡು ಶುರುವಾದಾಗ ಗಂಟೆ ಒಂಬತ್ತು ನಲವತ್ತೆಂಟು.

ಶಬ್ದಮಾಲಿನ್ಯದ ನಿಯಮಗಳು 2000ದಿಂದ ಇವೆ. 2005ರಲ್ಲಿ ಸುಪ್ರೀಂ ಕೋರ್ಟ್ ಅವನ್ನು ಎತ್ತಿ ಹಿಡಿದಿದೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು, ವಸತಿ ಪ್ರದೇಶದಲ್ಲಿ ರಾತ್ರಿಯ ಮಿತಿ 45 ಡೆಸಿಬೆಲ್. ವರ್ಷಕ್ಕೆ ಹದಿನೈದು ದಿನ ಮೀರದಂತೆ ಮಧ್ಯರಾತ್ರಿಯವರೆಗೆ ವಿನಾಯಿತಿ ಕೊಡುವ ಅಧಿಕಾರ ಸರ್ಕಾರಕ್ಕಿದ್ದರೂ, ಅದು ನಮ್ಮ ಬೀದಿಯವರೆಗೆ ನಡೆದು ಬಂದಿಲ್ಲ. ನಿಯಮ ಒಳ್ಳೆಯದೇ, ನಾನೂ ಮಲಗುವವನೇ. ಆದರೆ ಅಂದು ಹನ್ನೊಂದೂವರೆಗೆ ಲಾರಿಯ ಮೇಲೆ ಆಳೆತ್ತರದ ಸ್ಪೀಕರುಗಳನ್ನು ಪೇರಿಸಿಕೊಂಡು ಹೋದ ಮೆರವಣಿಗೆಯ ಮುಂದೆ ದಾರಿ ಬಿಡಿಸುತ್ತಿದ್ದವರು, ಒಂದೂವರೆ ಗಂಟೆ ಮೊದಲು ನಮ್ಮ ಗಾಯಕಿಯ ಕೈಯಿಂದ ಮೈಕು ಕಸಿದುಕೊಂಡ ಪೊಲೀಸಿನವರೇ. ಅರ್ಜಿ ಬರೆದು, ಶುಲ್ಕ ಕಟ್ಟಿ, ಅನುಮತಿ ಪತ್ರದಲ್ಲಿ ತನ್ನದೇ ಮೊಬೈಲ್ ಸಂಖ್ಯೆ ನಮೂದಿಸಿದ ನಿವೃತ್ತ ನೌಕರನನ್ನು ಹೆದರಿಸುವುದು ಸುಲಭ. ಲಾರಿಯ ಮೇಲಿದ್ದವರ ಬಳಿ ಅನುಮತಿ ಪತ್ರವೇ ಇರಲಿಲ್ಲ; ಅದನ್ನು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಇದರಲ್ಲಿ ನಗುವಂಥದ್ದೇನೂ ಇಲ್ಲ, ನನಗೆ ನಗು ಬರಲೂ ಇಲ್ಲ.

ಮೂರನೆಯ ಹಾಡು ಪಲ್ಲವಿಗೇ ನಿಂತಿತು. ಅಕಾರ್ಡಿಯನ್ನಿನ ಹಿರಿಯರು, ಮೂವತ್ತು ವರ್ಷ ಕೈಗಡಿಯಾರ ಜೋಡಿಸಿ ನಿವೃತ್ತರಾದವರು, ಪೇದೆಯ ಮಣಿಕಟ್ಟನ್ನೇ ನೋಡುತ್ತಿದ್ದರು. “ನಿಮ್ಮ ವಾಚು ನಾಲ್ಕು ನಿಮಿಷ ಮುಂದಿದೆಯಲ್ಲ ಸಾರ್, ಬಿಚ್ಚಿಕೊಡಿ, ಸರಿಮಾಡಿ ಕೊಡುತ್ತೇನೆ,” ಎಂದರು. ಪೇದೆ ಕೊಡಲಿಲ್ಲ.