ನೋವು ಅಂದರೆ ನಂಬುವ ಊರು

ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಕೊರೋನಾ ಅಂತ ಒಂದು ಬಡಾವಣೆ ಇದೆ. ಕಾಯಿಲೆಗೂ ಅದಕ್ಕೂ ಸಂಬಂಧ ಇಲ್ಲ, ಹೆಸರು ಹಳೇದು. ನಾನು ಕಟಿಂಗ್ ಮಾಡಿಸಿಕೊಳ್ಳುವುದು ಅಲ್ಲಿನ ಒಂದು ಅಂಗಡಿಯಲ್ಲಿ. ಅಂಗಡಿಯವರು ಡೊಮಿನಿಕನ್ ದೇಶದವರು. ಗೋಡೆಯ ಟಿ.ವಿ.ಯಲ್ಲಿ ಯಾವಾಗಲೂ ಬೇಸ್‌ಬಾಲ್, ಸದ್ದು ಮಾತ್ರ ಇರುವುದಿಲ್ಲ. 2023ರ ಜೂನ್‌ನಲ್ಲಿ ನಾನು ಕುರ್ಚಿಯಲ್ಲಿ ಕೂತಿದ್ದಾಗಲೇ ಸುದ್ದಿ ಬಂತು. ಜೇಕಬ್ ಡಿಗ್ರಾಮ್‌ಗೆ ಮೊಣಕೈ ಆಪರೇಷನ್, ಈ ವರ್ಷದ ಆಟ ಮುಗಿಯಿತು. ಪರದೆಯ ಮೇಲೆ ಆತ ಮಾತಾಡುತ್ತಾ ಮಾತಾಡುತ್ತಾ ಕಣ್ಣು ತುಂಬಿಕೊಂಡ.

ಡಿಗ್ರಾಮ್ ಒಂಬತ್ತು ವರ್ಷ ನಮ್ಮ ನ್ಯೂಯಾರ್ಕ್ ಮೆಟ್ಸ್ ಬೇಸ್‌ಬಾಲ್ ತಂಡದ ಪಿಚರ್, ಅಂದರೆ ನಮ್ಮ ಬೌಲರ್ ಇದ್ದ ಹಾಗೆ, ಚೆಂಡೆಸೆಯುವವನು. ಪಿಚರ್‌ಗಳ ಅತಿ ದೊಡ್ಡ ಪ್ರಶಸ್ತಿಯಾದ ಸೈ ಯಂಗ್ ಅನ್ನು 2018 ಮತ್ತು 2019ರಲ್ಲಿ ಸಾಲಾಗಿ ಗೆದ್ದವನು. 2022ರ ಡಿಸೆಂಬರ್‌ನಲ್ಲಿ ಟೆಕ್ಸಸ್ ರೇಂಜರ್ಸ್‌ಗೆ ಹೊರಟುಹೋದ. ಐದು ವರ್ಷಕ್ಕೆ 18.5 ಕೋಟಿ ಡಾಲರ್. ಅಲ್ಲಿ ಆರೇ ಆರು ಪಂದ್ಯದಲ್ಲಿ ಚೆಂಡೆಸೆದ, ಅಷ್ಟರಲ್ಲಿ ಕೈ ಹೋಯಿತು.

ಈಗ ಇವರು ಶುರು ಮಾಡುತ್ತಾರೆ ಅಂದುಕೊಂಡೆ. ‘ದುಡ್ಡಿನ ಹಿಂದೆ ಹೋದ್ಯಲ್ಲಾ, ಅನುಭವಿಸು’ ಅನ್ನುವ ಧಾಟಿಯ ಮಾತು. ನಮ್ಮ ಕಡೆಯ ಯಾವ ಸಲೂನ್ ಆದರೂ ಅಷ್ಟು ಹೊತ್ತಿಗೆ ಅದೇ ನಡೆದಿರುತ್ತಿತ್ತು. ಆದರೆ ಆ ಮನುಷ್ಯ ಮೆಷಿನ್ ಆಫ್ ಮಾಡಿದರು. ನನಗೆ ಹೊದಿಸಿದ್ದ ಬಟ್ಟೆ ಸರಿಸಿ, ನನ್ನ ಬಲಗೈ ಹಿಡಿದು ಮಡಚಿದರು. ಮೊಣಕೈಯ ಒಳಮಗ್ಗುಲಲ್ಲಿ ಎದ್ದು ನಿಲ್ಲುವ ಗಂಟುಮೂಳೆಯ ಸ್ವಲ್ಪ ಕೆಳಗೆ ಹೆಬ್ಬೆರಳು ಇಟ್ಟು ಒತ್ತಿದರು. ಚಳಕ್ ಅಂತು. “ಇಲ್ಲಿ,” ಅಂದರು. “ಎರಡನೇ ಸಲ.” ಮೊದಲನೇದು 2010ರಲ್ಲಿ ಆಗಿತ್ತು, ಡಿಗ್ರಾಮ್ ಇನ್ನೂ ಕೆಳಗಿನ ಲೀಗ್‌ನಲ್ಲಿ ಇದ್ದಾಗ. ಅದೂ ಅವರಿಗೆ ಗೊತ್ತು.

ಆಮೇಲೆ ಅವರು ಹೇಳಿದ್ದು ನನಗೆ ಇನ್ನೂ ಆಶ್ಚರ್ಯ. “ಅವನು ನಮ್ಮ ಸಾಲ ಏನೂ ಉಳಿಸಿಕೊಂಡು ಹೋಗಿಲ್ಲ. ನಾವೇ ಅವನಿಗೆ ರನ್ ಹೊಡೆದುಕೊಡಲಿಲ್ಲ.” 2018ರ ಲೆಕ್ಕ ನೋಡಿದರೆ ಹೌದು ಅನಿಸುತ್ತದೆ. ಆ ವರ್ಷ ಡಿಗ್ರಾಮ್ ಒಂಬತ್ತು ಇನ್ನಿಂಗ್ಸ್‌ಗೆ ಬಿಟ್ಟುಕೊಟ್ಟದ್ದು ಸರಾಸರಿ 1.70 ರನ್. ಅಷ್ಟು ಚೆನ್ನಾಗಿ ಎಸೆದರೂ ಅವನ ಹೆಸರಿಗೆ ಬಂದ ಗೆಲುವು ಹತ್ತು, ಸೋಲು ಒಂಬತ್ತು. ಅವನು ಎಸೆದ ದಿನವೇ ನಮ್ಮ ಬ್ಯಾಟಿನವರಿಗೆ ನಿದ್ದೆ.

ಆ ವಾರಾಂತ್ಯ ಮೈಸೂರಿನಿಂದ ಚಿಕ್ಕಪ್ಪ ಫೋನ್ ಮಾಡಿದರು. ಸುಮ್ನೆ ವಿಷಯ ಹೇಳಿದೆ. ಅವರ ಮೊದಲ ಪ್ರಶ್ನೆ, “ಎಷ್ಟಂತೆ ದುಡ್ಡು?” ನಮ್ಮ ಲೆಕ್ಕದಲ್ಲಿ ಸುಮಾರು 1,500 ಕೋಟಿ ರೂಪಾಯಿ ಅಂದೆ. ಆಡಲಿ ಬಿಡಲಿ, ಬರೆದುಕೊಟ್ಟ ಹಣ ಕೊಡಲೇಬೇಕು ಅಂತಲೂ ಹೇಳಿದೆ. ಆ ಕಡೆ ಒಂದು ಕ್ಷಣ ಮಾತಿಲ್ಲ. ಆಮೇಲೆ, “ಮತ್ತೆ? ನಾಟಕ ಕಣೋ. ಅಷ್ಟು ದುಡ್ಡು ಕೂತಲ್ಲೇ ಬರೋದಾದ್ರೆ ನನಗೂ ಮೊಣಕೈ ನೋವು ಬರುತ್ತೆ.”

“ಅಲ್ಲ ಚಿಕ್ಕಪ್ಪಾ, ಸ್ಕ್ಯಾನ್‌ನಲ್ಲಿ ಹರಿದಿರೋದು ಕಾಣಿಸಿದೆ.”

“ಸ್ಕ್ಯಾನ್ ಏನು, ಹೇಳಿದ ಹಾಗೆ ಬರೆದುಕೊಡ್ತಾರೆ.”

ನಕ್ಕು ಫೋನ್ ಇಟ್ಟೆ. ಆದರೆ ಅದು ಒಳಗೆ ಕೊರೆಯುತ್ತಾ ಉಳಿಯಿತು. ಚಿಕ್ಕಪ್ಪ ಕೆಟ್ಟವರಲ್ಲ. ಬೀದಿನಾಯಿಗೆ ಜ್ವರ ಬಂದರೂ ಮೊಸರನ್ನ ಹಾಕುವ ಮನುಷ್ಯ. ಆದರೆ ಆಟಗಾರ ನೋವು ಅಂದರೆ ಮಾತ್ರ ನಂಬುವುದಿಲ್ಲ. ಅವರೊಬ್ಬರೇ ಅಲ್ಲ, ನಮ್ಮಲ್ಲಿ ಬಹಳ ಜನ ಹಾಗೇ. ‘ಐಪಿಎಲ್ ಬಂದರೆ ಫಿಟ್, ದೇಶಕ್ಕೆ ಆಡು ಅಂದರೆ ಬೆನ್ನುನೋವು’ ಅನ್ನುವ ಮಾತು ಬುಮ್ರಾ ವಿಷಯದಲ್ಲಿ ಎಷ್ಟು ಬಾಯಲ್ಲಿ ಕೇಳಿಲ್ಲ? ಆತ 2022ರ ಟಿ20 ವಿಶ್ವಕಪ್ ಆಡಲಾಗದೇ ಹೋದಾಗ ಹಾಗಂದರು. ಮುಂದಿನ ಮಾರ್ಚ್‌ನಲ್ಲಿ ನ್ಯೂಜಿಲೆಂಡಿಗೆ ಹೋಗಿ ಬೆನ್ನಿಗೆ ಆಪರೇಷನ್ ಮಾಡಿಸಿಕೊಂಡ. 2023ರ ಐಪಿಎಲ್ ಪೂರ್ತಿ ಆಡಲೇ ಇಲ್ಲ. ಅಂದವರಲ್ಲಿ ಒಬ್ಬರಾದರೂ ಮಾತು ವಾಪಸ್ ತೆಗೆದುಕೊಂಡದ್ದು ನಾನು ನೋಡಿಲ್ಲ.

ನಮ್ಮ ಬೆಂಗಳೂರಿನ ಹುಡುಗ ಪ್ರಸಿದ್ಧ್ ಕೃಷ್ಣ ಅದೇ ಐಪಿಎಲ್‌ಗೆ ಬೆನ್ನುಮೂಳೆ ಬಿರುಕಿನಿಂದ ಹೊರಗಿದ್ದ. ಮುಂದಿನ ವರ್ಷ ತೊಡೆಯ ಆಪರೇಷನ್, ಮತ್ತೆ ಹೊರಗೆ. ಆಗ ನಮ್ಮ ಕಸಿನ್‌ಗಳ ಗ್ರೂಪಿನಲ್ಲಿ ಬಂದ ಮಾತು, “ಆರ್‌ಸಿಬಿಗೆ ಆಡದೇ ಊರೆಲ್ಲಾ ಸುತ್ತಿದ್ರೆ ಇನ್ನೇನಾಗುತ್ತೆ.” ತಮಾಷೆಗೆ ಹೇಳಿದ್ದು, ಗೊತ್ತು. ಆದರೂ ಅದಕ್ಕೆ ಸಾಲು ಸಾಲು ನಗುವ ಮುಖ ಬಂತೇ ಹೊರತು, ವೇಗದ ಬೌಲರ್‌ಗಳ ಬೆನ್ನಿಗೇ ಯಾಕೆ ಹೀಗಾಗುತ್ತೆ ಅಂತ ಕೇಳಿದವರಿಲ್ಲ. 2025ರಲ್ಲಿ ಗುಜರಾತ್ ಪರ 25 ವಿಕೆಟ್ ತೆಗೆದು ಪರ್ಪಲ್ ಕ್ಯಾಪ್ ಹಾಕಿಕೊಂಡಾಗ ಅದೇ ಗ್ರೂಪಿನಲ್ಲಿ ‘ನಮ್ಮ ಹುಡುಗ’ ಆದ.

ವಿಚಿತ್ರ ಏನು ಗೊತ್ತಾ? ಇಡೀ ದೇಶದ ಆಟಗಾರರು ಗಾಯ ಆದರೆ ರಿಪೇರಿಗೆ ಬರುವುದು ನಮ್ಮ ಬೆಂಗಳೂರಿಗೇ. ಎಷ್ಟೋ ವರ್ಷ ಚಿನ್ನಸ್ವಾಮಿ ಸ್ಟೇಡಿಯಂ ಮಗ್ಗುಲಲ್ಲೇ ಅದಕ್ಕೆಂದಿರುವ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿ ಇತ್ತು, 2024ರಲ್ಲಿ ವಿಮಾನ ನಿಲ್ದಾಣದ ಕಡೆ ದೊಡ್ಡ ಜಾಗಕ್ಕೆ ಹೋಯಿತು. ಆಗೆಲ್ಲಾ ಕಬ್ಬನ್ ಪಾರ್ಕಿನ ಆಚೆ ಒಬ್ಬ ಬೌಲರ್ ಐದು ಹೆಜ್ಜೆ ಓಡಿ ಒಂದು ಚೆಂಡು ಹಾಕಲು ತಿಂಗಳುಗಟ್ಟಲೆ ಒದ್ದಾಡುತ್ತಿರುತ್ತಿದ್ದ. ಈಚೆ ರಸ್ತೆಯಲ್ಲಿ ಕಾಫಿ ಹೀರುತ್ತಾ ನಾವು ‘ನಾಟಕ’ ಅನ್ನುತ್ತಿದ್ದೆವು.

ಇಲ್ಲಿ ನ್ಯೂಯಾರ್ಕಿನಲ್ಲಿ ಹಾಗಲ್ಲ. ಕಟಿಂಗ್ ಅಂಗಡಿಯವರಿಂದ ಹಿಡಿದು 7 ನಂಬರ್ ರೈಲಿನಲ್ಲಿ ಪಕ್ಕ ಕೂತ ಅಜ್ಜಿಯವರೆಗೆ ಎಲ್ಲರಿಗೂ ಮೊಣಕೈಯ ಆ ಕೀಲುಪಟ್ಟಿಯ ವಿಷಯ ಗೊತ್ತು. ತೋಳಿನ ಮೂಳೆಯನ್ನೂ ಮುಂಗೈ ಮೂಳೆಯನ್ನೂ ಒಳಮಗ್ಗುಲಲ್ಲಿ ಹಿಡಿದಿಟ್ಟುಕೊಳ್ಳುವ ಚಿಕ್ಕ ಪಟ್ಟಿ ಅದು. ಗಂಟೆಗೆ 160 ಕಿಲೋಮೀಟರ್ ವೇಗದಲ್ಲಿ ಎಸೆದಾಗಲೆಲ್ಲಾ ಎಳೆತ ಬೀಳುವುದು ಅದರ ಮೇಲೇ. ಹಳೇ ಪಂಚೆಯ ಅಂಚಿನ ಹಾಗೆ ನಿಧಾನ ನವೆಯುತ್ತದೆ, ಒಂದು ದಿನ ಹರಿಯುತ್ತದೆ. 1974ರಲ್ಲಿ ಲಾಸ್ ಏಂಜಲಿಸ್‌ನ ಡಾಕ್ಟರ್ ಫ್ರಾಂಕ್ ಜೋಬ್ ಮೊದಲ ಬಾರಿಗೆ ಒಬ್ಬ ಪಿಚರ್‌ನ ಇನ್ನೊಂದು ಕೈಯಿಂದ ಸ್ನಾಯುರಜ್ಜು ತೆಗೆದು, ಮೊಣಕೈ ಮೂಳೆಯಲ್ಲಿ ತೂತು ಕೊರೆದು, ಅದನ್ನು ಪೋಣಿಸಿ ಕಟ್ಟಿದರು. ಆ ಪಿಚರ್ ಟಾಮಿ ಜಾನ್. 1976ಕ್ಕೆ ಮತ್ತೆ ಮೈದಾನಕ್ಕೆ ಬಂದು 1989ರವರೆಗೆ ಆಡಿದರು. ಅವರ 288 ಗೆಲುವುಗಳಲ್ಲಿ 164 ಆಪರೇಷನ್ ಆದ ಮೇಲಿನವು. ಇವತ್ತಿಗೂ ಆ ಆಪರೇಷನ್ನಿಗೆ ಟಾಮಿ ಜಾನ್ ಅಂತಲೇ ಹೆಸರು.

ಐವತ್ತು ವರ್ಷದಿಂದ ಆ ಹೆಸರು ಹೇಳಿ ಹೇಳಿ ಇವರಿಗೆ ಗಾಯ ಅನ್ನುವುದು ಆಟದ ಒಂದು ಭಾಗವೇ ಆಗಿದೆ. ಯಾರು ಎಷ್ಟು ಚೆಂಡು ಎಸೆದರು ಅಂತ ಟಿ.ವಿ. ಮೂಲೆಯಲ್ಲಿ ಎಣಿಕೆ ಓಡುತ್ತಲೇ ಇರುತ್ತದೆ. ನೂರರ ಹತ್ತಿರ ಬಂದರೆ ಜನ ತಾವೇ ‘ಸಾಕು, ಕರೆಸಿ’ ಅನ್ನುತ್ತಾರೆ. ನಮ್ಮಲ್ಲಿ ಬೌಲರ್ ಸುಸ್ತಾಗಿ ಸೊಂಟದ ಮೇಲೆ ಕೈ ಇಟ್ಟರೆ ‘ಇನ್ನೊಂದು ಓವರ್ ಹಾಕಯ್ಯಾ’ ಅಲ್ವಾ?

ನಾವು ಯಾಕೆ ಹೀಗೆ ಅಂತ ಬಹಳ ಯೋಚಿಸಿದ್ದೇನೆ. ಅರ್ಧ ತಪ್ಪು ಕುಂಬ್ಳೆಯದು ಅಂತ ನನಗೆ ಅನಿಸುತ್ತದೆ. ಬೈಬೇಡಿ, ಪೂರ್ತಿ ಕೇಳಿ. 2002ರಲ್ಲಿ ಆಂಟಿಗಾದಲ್ಲಿ ದವಡೆ ಮುರಿದಿತ್ತು. ತಲೆಯಿಂದ ಗಲ್ಲದವರೆಗೆ ಬಿಳಿ ಬ್ಯಾಂಡೇಜ್ ಸುತ್ತಿಕೊಂಡು 14 ಓವರ್ ಹಾಕಿ ಲಾರಾನನ್ನು ಔಟ್ ಮಾಡಿದರು. ಆ ಚಿತ್ರ ನಮ್ಮ ಪೀಳಿಗೆಯ ಎದೆಯಲ್ಲಿ ಅಚ್ಚಾಗಿದೆ. ಆಗಿನಿಂದ ನಮಗೆ ಅದೇ ಅಳತೆಗೋಲು. ದವಡೆ ಮುರಿದರೂ ಆಡಿದವರಿದ್ದಾರೆ, ನಿನಗೆ ಬೆನ್ನುನೋವಾ? ಅದೇ ಕುಂಬ್ಳೆ ಅದಕ್ಕೆ ಒಂದು ವರ್ಷ ಮೊದಲು ಭುಜದ ಆಪರೇಷನ್ ಮಾಡಿಸಿಕೊಂಡು, ಆಸ್ಟ್ರೇಲಿಯಾ ವಿರುದ್ಧದ ಆ ಮಹಾ ಸರಣಿಯನ್ನು ಮನೆಯಲ್ಲಿ ಕೂತು ನೋಡಬೇಕಾಯಿತು. ಅದು ಯಾರ ಗೋಡೆಯ ಮೇಲೂ ಇಲ್ಲ. ನಮ್ಮ ಶ್ರೀನಾಥ್ 1997ರಲ್ಲಿ ಭುಜ ಹಾಳಾಗಿ ವೆಸ್ಟ್ ಇಂಡೀಸ್ ಪ್ರವಾಸ ತಪ್ಪಿಸಿಕೊಂಡು, ಆಪರೇಷನ್ ಆಗಿ ವಾಪಸ್ ಬಂದು, 2003ರ ವಿಶ್ವಕಪ್ ಫೈನಲ್‌ವರೆಗೆ ಎಳೆದರು. ಆ ಭುಜ ಹೇಗೆ ಕೂಡಿಕೊಂಡಿತು ಅಂತ ಮೈಸೂರಿನಲ್ಲಿ ಯಾರನ್ನಾದರೂ ಕೇಳಿ ನೋಡಿ. ಹದಿಮೂರು ವಿಕೆಟ್ ತೆಗೆದ ಕಲ್ಕತ್ತಾ ಟೆಸ್ಟ್ ಬಗ್ಗೆ ಅರ್ಧ ಗಂಟೆ ಹೇಳುತ್ತಾರೆ, ಭುಜದ ಬಗ್ಗೆ ಒಂದು ಸಾಲೂ ಇಲ್ಲ.

ಇದು ಕ್ರಿಕೆಟ್‌ಗೆ ಮುಂಚೆ ಶುರುವಾಗುವ ಅಭ್ಯಾಸ. ಶಾಲೆಯಲ್ಲಿ ಖೋಖೋ ಆಡುವಾಗ ನನ್ನ ಕಾಲು ಉಳುಕಿತ್ತು. ಮೇಷ್ಟ್ರು ಸೀಟಿ ಊದಿ “ನಾಟಕ ಸಾಕು, ಓಡೋ” ಅಂದರು. ಓಡಿದೆ. ಸಂಜೆ ಮನೆಗೆ ಬಂದಾಗ ಕಾಲು ಊದಿ ಚಪ್ಪಲಿಯೊಳಗೆ ಹೋಗಲಿಲ್ಲ. ಅಮ್ಮ ಅರಿಶಿನದ ಪಟ್ಟು ಹಾಕುತ್ತಾ, “ಗಂಡು ಹುಡುಗ, ಇಷ್ಟಕ್ಕೆಲ್ಲಾ ಅಳ್ತಾರಾ?” ಅಂದಳು. ಆಫೀಸಿನಲ್ಲಿ ಜ್ವರಕ್ಕೆ ರಜೆ ಕೇಳಿದರೆ ‘ಸೋಮವಾರವೇ ಬಂತಾ ಜ್ವರ?’ ಅನ್ನುವ ಊರು ನಮ್ಮದು.

ಇಲ್ಲಿಯೂ ಹುಚ್ಚಾಟ ಇಲ್ಲವೇ ಇಲ್ಲ ಅನ್ನುತ್ತಿಲ್ಲ. 2012ರ ಜೂನ್ 1ರಂದು ಮೆಟ್ಸ್ ಪಿಚರ್ ಯೋಹಾನ್ ಸಾಂಟಾನಾ ಎದುರಾಳಿಗೆ ಒಂದೇ ಒಂದು ಹಿಟ್ ಕೊಡದೇ ಇಡೀ ಪಂದ್ಯ ಮುಗಿಸಿದ. 1962ರಲ್ಲಿ ತಂಡ ಹುಟ್ಟಿದಾಗಿನಿಂದ ಮೆಟ್ಸ್‌ನ ಯಾವ ಪಿಚರ್‌ಗೂ ಅದು ಆಗಿರಲಿಲ್ಲ. ಭುಜದ ಆಪರೇಷನ್ ಆಗಿ ಹಿಂದಿನ ಇಡೀ ವರ್ಷ ಹೊರಗಿದ್ದವನು ಆ ರಾತ್ರಿ 134 ಚೆಂಡು ಎಸೆದ. ಜನ ಕುಣಿದರು. ಆದರೆ ಅದೇ ಭುಜ ಮತ್ತೆ ಹರಿಯಿತು, ಆ ವರ್ಷದ ಆಚೆ ಆತ ಮೇಜರ್ ಲೀಗ್‌ನಲ್ಲಿ ಎಸೆಯಲೇ ಇಲ್ಲ. ಆ ರಾತ್ರಿಯನ್ನು ನೆನೆಸಿಕೊಳ್ಳುವಾಗ ಮೆಟ್ಸ್ ಜನರ ಮುಖ ನೋಡಬೇಕು. ಖುಷಿಯಿಂದ ಶುರು ಮಾಡುತ್ತಾರೆ, ‘ಅಷ್ಟು ಹೊತ್ತು ಬಿಡಬಾರದಿತ್ತು’ ಅಂತ ಮುಗಿಸುತ್ತಾರೆ. ದವಡೆಯ ಬ್ಯಾಂಡೇಜ್ ನೋಡಿ ‘ಆ ದಿನ ಬೌಲ್ ಮಾಡಲು ಬಿಡಬಾರದಿತ್ತು’ ಅಂದ ಒಬ್ಬ ಕನ್ನಡಿಗನನ್ನೂ ನಾನು ಕಂಡಿಲ್ಲ. ನಾನೂ ಅಂದಿಲ್ಲ, ಆ ಮಾತು ಬೇರೆ.

ಸರಿ, ಇಲ್ಲಿಯವರನ್ನು ಹೊಗಳಿದ್ದು ಜಾಸ್ತಿ ಆಯಿತು. ನಮ್ಮ ಆಫೀಸಿನ ಒಬ್ಬ ಮಹಾಶಯ ಡಿಗ್ರಾಮ್ ಸುದ್ದಿ ಬಂದ ಮಾರನೇ ಬೆಳಗ್ಗೆ ಕಾಫಿ ಮೆಷಿನ್ ಹತ್ತಿರ ಕೈ ಉಜ್ಜಿಕೊಂಡು ನಿಂತಿದ್ದ. “ಬದುಕಿದೆವು, ನಮ್ಮ ದುಡ್ಡು ಉಳಿಯಿತು.” ದುಡ್ಡೇನು ಇವನ ಜೇಬಿನದಾ? ಮೇಲಾಗಿ, ಡಿಗ್ರಾಮ್ ಹೋದ ಮೇಲೆ ಮೆಟ್ಸ್ ತಂದದ್ದು ಜಸ್ಟಿನ್ ವರ್ಲ್ಯಾಂಡರ್‌ನನ್ನು, ಎರಡು ವರ್ಷಕ್ಕೆ 8.67 ಕೋಟಿ ಡಾಲರ್ ಕೊಟ್ಟು. ಆತ ಋತು ಶುರುವಾಗುವಾಗಲೇ ಗಾಯಾಳುಗಳ ಪಟ್ಟಿಯಲ್ಲಿದ್ದ, ಮುಗಿಯುವ ಮೊದಲೇ ಹ್ಯೂಸ್ಟನ್‌ಗೆ ಸಾಗಹಾಕಿದರು. ಟೆಕ್ಸಸ್ ಅದೇ ವರ್ಷ ತನ್ನ ಮೊದಲ ವರ್ಲ್ಡ್ ಸೀರೀಸ್, ಅಂದರೆ ಮೇಜರ್ ಲೀಗ್‌ನ ಫೈನಲ್, ಗೆದ್ದಿತು. ಆ ಮಹಾಶಯನ ಉಳಿತಾಯ ಯೋಜನೆ ಹೀಗೆ. ಮೊಣಕೈ ಬಗ್ಗೆ ಅಷ್ಟೆಲ್ಲಾ ತಿಳಿದ ಇದೇ ಜನ ಸ್ಪೀಡ್ ಬೋರ್ಡಿನಲ್ಲಿ ನೂರು ಮೈಲಿ ಕಂಡರೆ ಹುಚ್ಚೆದ್ದು ಕೂಗುತ್ತಾರೆ. ತಿಳಿದದ್ದರಿಂದ ಒಂದು ಕೈಯೂ ಉಳಿದ ಹಾಗೆ ಕಾಣುವುದಿಲ್ಲ.

ಇನ್ನೊಂದು, ಇದನ್ನು ಬರೆಯಲೇ ಬಾರದು ಅಂತಿದ್ದೆ. ಒಂದು ಚಳಿಗಾಲ ಮಂಜಿನಲ್ಲಿ ಜಾರಿ ಬಿದ್ದು ನನ್ನ ಮಣಿಕಟ್ಟು ಮುರಿಯಿತು. ಆಫೀಸಿನಲ್ಲಿ ಎಲ್ಲರೂ ನಂಬಿದರು. ಎಷ್ಟು ದಿನ ಬೇಕೋ ಅಷ್ಟು ತಗೋ ಅಂತ ನಾಲ್ಕಾರು ಮೇಲ್ ಬಂದವು. ಆಮೇಲೆ ಯಾರೂ ಇಲ್ಲ. ಫ್ಲಶಿಂಗ್ ಗಣಪತಿ ದೇವಸ್ಥಾನದ ಕ್ಯಾಂಟೀನಿನಲ್ಲಿ ಪರಿಚಯವಾದ ಮಂಡ್ಯದ ಆಂಟಿ ಒಬ್ಬರು ವಿಷಯ ತಿಳಿದು ಮನೆಗೆ ಬಂದರು. ಪ್ಲಾಸ್ಟರ್ ನೋಡಿ, “ಇಷ್ಟಕ್ಕೆಲ್ಲಾ ರಜ ಹಾಕಿದ್ಯೇನಪ್ಪಾ? ನಮ್ಮ ಯಜಮಾನ್ರು ಕಾಲು ಮುರಿದಾಗ್ಲೂ ಡ್ಯೂಟಿಗೆ ಹೋಗಿದ್ರು,” ಅಂದರು. ಕೈಯಲ್ಲಿ ಸ್ಟೀಲ್ ಡಬ್ಬಿ, ಅದರಲ್ಲಿ ಬಿಸಿ ಬಿಸಿ ಬಸ್ಸಾರು. ಪ್ಲಾಸ್ಟರ್ ಬಿಚ್ಚುವವರೆಗೂ ಆ ಡಬ್ಬಿ ಓಡಾಡುತ್ತಲೇ ಇತ್ತು. ಪ್ರತಿ ಸಲವೂ ಎಳ್ಳೆಣ್ಣೆಯ ಉಪದೇಶ, ಪ್ರತಿ ಸಲವೂ ಯಜಮಾನ್ರ ಕಾಲು. ನನ್ನ ನೋವನ್ನು ಅವರು ಕೊನೆಯವರೆಗೂ ಪೂರ್ತಿ ನಂಬಲಿಲ್ಲ.

ಚಿಕ್ಕಪ್ಪನೂ ಡಿಗ್ರಾಮ್‌ನನ್ನು ಮರೆತಿರಲಿಲ್ಲ. ಫೋನ್ ಮಾಡಿದಾಗಲೆಲ್ಲಾ “ಆ ಉದ್ದ ಕೂದಲಿನವನ ಕೈ ಹೇಗಿದೆಯೋ?” ಅಂತ ಕೇಳುತ್ತಿದ್ದರು. ಆತ ಕೂದಲು ಕತ್ತರಿಸಿಕೊಂಡು ಎಷ್ಟೋ ಕಾಲವಾಗಿತ್ತು, ನಾನು ಕಳಿಸಿದ್ದ ಹಳೇ ಫೋಟೋ ಅವರ ಮನಸ್ಸಿನಲ್ಲಿ ಉಳಿದಿತ್ತು. 2024ರ ಸೆಪ್ಟೆಂಬರ್‌ನಲ್ಲಿ ಆತ ಮತ್ತೆ ಆಡಿದ ಅಂದಾಗ, “ಹಾಗಾದ್ರೆ ಅಷ್ಟೇನೂ ಆಗಿರಲಿಲ್ಲ ಬಿಡು,” ಅಂದರು.

2025ರ ಸೆಪ್ಟೆಂಬರ್ 12ರಂದು ಡಿಗ್ರಾಮ್ ಟೆಕ್ಸಸ್ ಅಂಗಿಯಲ್ಲಿ ಮೆಟ್ಸ್‌ನ ಮೈದಾನ ಸಿಟಿ ಫೀಲ್ಡ್‌ಗೆ ಬಂದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕಾಫಿ ಮೆಷಿನ್ ಮಹಾಶಯನೂ ನನ್ನ ಪಕ್ಕದಲ್ಲಿ ನಿಂತು ಅಂಗೈ ಕೆಂಪಾಗುವ ಹಾಗೆ ತಟ್ಟಿದ. ಆಮೇಲೆ ಡಿಗ್ರಾಮ್ ಏಳು ಇನ್ನಿಂಗ್ಸ್ ಎಸೆದ, ನಾವು 8-3ರಲ್ಲಿ ಸೋತೆವು. ಆ ವರ್ಷ ಮೆಟ್ಸ್ 83 ಗೆದ್ದು 79 ಸೋತು, ಸಿನ್ಸಿನಾಟಿ ಜೊತೆ ಸಮಸಮ ನಿಂತು, ಟೈ ಮುರಿಯುವ ನಿಯಮದಲ್ಲಿ ಪ್ಲೇಆಫ್ ತಪ್ಪಿಸಿಕೊಂಡಿತು. ಇನ್ನೊಂದು ಗೆಲುವು ಇದ್ದಿದ್ದರೆ ಸಾಕಿತ್ತು. ಮಹಾಶಯ ಈಗಲೂ ಆ ಶುಕ್ರವಾರವನ್ನೇ ಹಿಡಿದುಕೊಂಡು ಕೊರಗುತ್ತಾನೆ. ಟೆಕ್ಸಸ್‌ನ ಆ ಡಾಕ್ಟರ್ ಅಷ್ಟು ಗಟ್ಟಿಯಾಗಿ ಹೊಲಿಯಬೇಕಿತ್ತಾ ಅಂತ ಅವನ ತಕರಾರು.