ಒಂದೇ ಮನೆಯ ಎರಡು ಕಂಪ್ಯೂಟರ್‌ಗಳು
ಧಾರವಾಡದ ನಮ್ಮ ಮನೆಯ ಪಡಸಾಲೆಯ ಕಂಪ್ಯೂಟರಿನಲ್ಲಿರುವ ಹೊಲದ ಉತಾರಗಳನ್ನು ಹತ್ತು ಹೆಜ್ಜೆ ದೂರದ ಕೋಣೆಯ ಲ್ಯಾಪ್‌ಟಾಪಿನಲ್ಲಿ ತೆರೆಯಲು ನನ್ನ ಎರಡು ಸಂಜೆಗಳು ಹಾಳಾದವು. ಪಿಂಗ್ ಮಾಡಿದರೆ (ಆ ಯಂತ್ರ ಸಂಪರ್ಕದಲ್ಲಿದೆಯೇ ಎಂದು ಸಂದೇಶ ಕಳಿಸಿ ನೋಡಿದರೆ) ಉತ್ತರ ಬರುತ್ತಿತ್ತು, ಫೋಲ್ಡರ್ ಮಾತ್ರ ತೆರೆಯುತ್ತಿರಲಿಲ್ಲ. ರೌಟರ್ ಬದಲಿಸಿದ ದಿನ ಮನೆಯ ನೆಟ್‌ವರ್ಕ್ ವಿಂಡೋಸ್‌ನಲ್ಲಿ ತಾನಾಗಿಯೇ ‘ಪಬ್ಲಿಕ್’ (ಸಾರ್ವಜನಿಕ) ಎಂದು ದಾಖಲಾಗಿದ್ದರಿಂದ, ಫೈಲ್ ಹಂಚಿಕೆಗೆ ಬೇಕಾದ 445ನೇ ಪೋರ್ಟನ್ನು, ಅಂದರೆ ಆ ಸಂಪರ್ಕದ ಬಾಗಿಲನ್ನು, ಕಂಪ್ಯೂಟರಿನ ಕಾವಲು ತಂತ್ರಾಂಶವಾದ ಫೈರ್‌ವಾಲ್ ತಡೆಹಿಡಿದಿತ್ತು. ನೆಟ್‌ವರ್ಕನ್ನು ‘ಪ್ರೈವೇಟ್’ (ಖಾಸಗಿ) ಎಂದು ಬದಲಿಸಿದ ಮೇಲೆ ಲ್ಯಾಪ್‌ಟಾಪ್ ಪಾಸ್‌ವರ್ಡ್ ಕೇಳಿತು, ಪಿನ್ ಕೊಟ್ಟರೆ ಒಪ್ಪಲಿಲ್ಲ. ತಂದೆಯವರು ದಿನವೂ ಒತ್ತುವ ನಾಲ್ಕಂಕಿಯ ಪಿನ್ ಆ ಯಂತ್ರದ ಮುಂದೆ ಕುಳಿತಾಗಷ್ಟೇ ನಡೆಯುತ್ತದೆ, ನೆಟ್‌ವರ್ಕಿನಿಂದ ಬರುವವರಿಗೆ ಖಾತೆಯ ಪಾಸ್‌ವರ್ಡೇ ಬೇಕು ಎಂಬುದನ್ನು ಪರದೆಯ ಮೇಲೆ ಒಂದು ಸಾಲಿನಲ್ಲಿ ಹೇಳಬಾರದೇ? ‘ತಪ್ಪಾಗಿದೆ’ ಎಂಬ ಒಂದೇ ಮಾತನ್ನು ಮತ್ತೆ ಮತ್ತೆ ಓದಿ ನಿಜಕ್ಕೂ ಸಿಟ್ಟು ಬಂದಿತು. ಆ ಪಾಸ್‌ವರ್ಡನ್ನು ಬರೆದಿಟ್ಟ ಡೈರಿ ಹುಡುಕುವಷ್ಟರಲ್ಲಿ ತಂದೆಯವರು ಉತಾರಗಳನ್ನು ಪೆನ್‌ಡ್ರೈವಿನಲ್ಲಿ ಹಾಕಿ ತಂದುಕೊಟ್ಟರು.